ಕತ್ತರಿಸಿದ್ದು ಉಳಿಯಿತು, ಇಡಿಯಾದದ್ದು ಅಳಿಯಿತು

ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ 1996ರಲ್ಲಿ ಒಂದಷ್ಟು ಫಿಲ್ಮ್ ಚೂರುಗಳು ಸಿಕ್ಕವು. ಹೆಚ್ಚಿನವು ಕೆಲವೇ ಸೆಕೆಂಡುಗಳಷ್ಟು ಉದ್ದ. ಹೊಡೆದಾಟ, ಕಿರುಚಾಟ, ಸಾವಿನ ನೋಟ, ಇಷ್ಟೇ. 1960ರ ದಶಕದಲ್ಲಿ ಬ್ರಿಟನ್ನಿನ ಒಂದು ಧಾರಾವಾಹಿ ಆ ದೇಶದ ಟಿ.ವಿ.ಗೆ ಬಂದಾಗ, ಎಳೆಯರು ನೋಡುವಂಥದ್ದಲ್ಲ ಎಂದು ಸೆನ್ಸಾರಿನವರು ಕತ್ತರಿಸಿ ತೆಗೆದ ತುಣುಕುಗಳು ಅವು. ಕತ್ತರಿ ಹಾಕಿದ್ದಕ್ಕೆ ಲೆಕ್ಕ ಬೇಕಲ್ಲ! ಸರ್ಕಾರಿ ಕಚೇರಿಯ ಶಿಸ್ತಿನಂತೆ ಅವು ಕಡತಗಳ ಜೊತೆ ಜೋಪಾನವಾಗಿ ಉಳಿದಿದ್ದವು. ಮೂವತ್ತು ವರ್ಷ ಕಳೆದು ನೋಡಿದರೆ, ಆ ಚೂರುಗಳನ್ನು ಯಾವ ಕಂತುಗಳಿಂದ ಕತ್ತರಿಸಿದ್ದರೋ ಅವುಗಳಲ್ಲಿ ಹಲವು ಎಲ್ಲಿಯೂ ಇರಲಿಲ್ಲ. ತಯಾರಿಸಿದ ಸಂಸ್ಥೆಯ ಬಳಿಯೂ ಇರಲಿಲ್ಲ. ಮಕ್ಕಳ ಕಣ್ಣಿಗೆ ಬೀಳಬಾರದೆಂದು ತೆಗೆದದ್ದಷ್ಟೇ ಕೊನೆಗೆ ಎಲ್ಲರ ಕಣ್ಣಿಗೂ ಉಳಿಯಿತು.

ಆ ಧಾರಾವಾಹಿಯ ಹೆಸರು ‘ಡಾಕ್ಟರ್ ಹೂ’. ಹಳೆಯ ಟಿ.ವಿ. ಕಾರ್ಯಕ್ರಮಗಳ ಕ್ಯಾಸೆಟ್ಟು, ಡಿವಿಡಿಗಳನ್ನು ಕೂಡಿಡುವ ಹವ್ಯಾಸ ಏನನ್ನು ಕಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಅಳಿಸಿದವರು ಯಾರು?

ಬಿಬಿಸಿ ಈ ಧಾರಾವಾಹಿಯನ್ನು ಆರಂಭಿಸಿದ್ದು 1963ರ ನವೆಂಬರ್ 23ರಂದು. ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾದ ಮರುದಿನ. ಆ ಗದ್ದಲದಲ್ಲಿ ಮೊದಲ ಕಂತು ಹಲವರ ಗಮನಕ್ಕೆ ಬಾರದೆ ಹೋಯಿತೆಂದು ಮುಂದಿನ ವಾರ ಅದನ್ನೇ ಮತ್ತೊಮ್ಮೆ ತೋರಿಸಿ, ಅದರ ಬೆನ್ನಿಗೆ ಎರಡನೆಯದನ್ನು ತೋರಿಸಿದರು. ಪೊಲೀಸ್ ಟೆಲಿಫೋನ್ ಪೆಟ್ಟಿಗೆಯಂತೆ ಕಾಣುವ ಯಂತ್ರದಲ್ಲಿ ಕಾಲ, ದೇಶಗಳನ್ನು ದಾಟಿ ಓಡಾಡುವ ‘ಡಾಕ್ಟರ್’ ಕಥಾನಾಯಕ. ಮೊದಲು ಆ ಪಾತ್ರ ಮಾಡಿದವರು ವಿಲಿಯಂ ಹಾರ್ಟ್‌ನೆಲ್. 1966ರಲ್ಲಿ ಅವರು ಬಿಟ್ಟಾಗ ಕಥೆ ನಿಲ್ಲಲಿಲ್ಲ. ಡಾಕ್ಟರನ ದೇಹವೇ ಬದಲಾಯಿತೆಂದು ಹೇಳಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರು. ಆ ಉಪಾಯದಿಂದಲೇ ಧಾರಾವಾಹಿ 1989ರವರೆಗೆ ನಡೆಯಿತು, 2005ರಲ್ಲಿ ಮತ್ತೆ ಹುಟ್ಟಿತು.

1963ರಿಂದ 1969ರವರೆಗಿನ ಕಪ್ಪು ಬಿಳುಪು ಕಂತುಗಳ ಸಂಖ್ಯೆ 253. ಇವುಗಳ ಮೂಲ ವಿಡಿಯೊ ಟೇಪುಗಳನ್ನು ಬಿಬಿಸಿ ತಾನೇ ಅಳಿಸಿತು. ದ್ವೇಷದಿಂದಲ್ಲ, ಲೆಕ್ಕಾಚಾರದಿಂದ. ಎರಡು ಅಂಗುಲ ಅಗಲದ ಆ ಟೇಪು ಆಗ ಬಲು ದುಬಾರಿ. ಅಳಿಸಿದರೆ ಮತ್ತೊಂದು ಕಾರ್ಯಕ್ರಮಕ್ಕೆ ಬರುತ್ತಿತ್ತು. ನಟರ ಸಂಘದೊಡನೆ ಆಗಿದ್ದ ಕರಾರಿನಿಂದಾಗಿ ಮರುಪ್ರಸಾರಕ್ಕೆ ಮಿತಿ ಇತ್ತು. ಅಷ್ಟರಲ್ಲಿ ವರ್ಣ ಟಿ.ವಿ. ಬಂದು, ಕಪ್ಪು ಬಿಳುಪು ಯಾರಿಗೆ ಬೇಕು ಎಂಬಂತಾಯಿತು. ವಿದೇಶಗಳಿಗೆ ಮಾರಲೆಂದು 16 ಮಿ.ಮೀ. ಫಿಲ್ಮಿನಲ್ಲಿ ತೆಗೆದ ಪ್ರತಿಗಳಿದ್ದವು. ಮಾರಾಟದ ಅವಧಿ ಮುಗಿದಂತೆ ಅವನ್ನೂ ನಾಶ ಮಾಡುತ್ತ ಬಂದರು. ಮನೆಯಲ್ಲಿ ಕುಳಿತು ಜನ ಹಳೆಯ ಕಾರ್ಯಕ್ರಮಗಳನ್ನು ಹಣ ಕೊಟ್ಟು ನೋಡುವ ಕಾಲ ಬರುತ್ತದೆಂದು ಯಾರಿಗೂ ತೋಚಲಿಲ್ಲ. ಈ ಅಳಿಸುವ ಕೆಲಸ ನಿಂತದ್ದು 1978ರಲ್ಲಿ.

ಉಳಿಸಿದವರು ಯಾರು?

ಉಳಿಸಿದವರಲ್ಲಿ ಮೊದಲು ನೆನೆಯಬೇಕಾದವರು ಟೇಪ್ ರೆಕಾರ್ಡರ್ ಇದ್ದ ಕೆಲವು ವೀಕ್ಷಕರು. ಆಗ ಮನೆಗಳಲ್ಲಿ ವಿಸಿಆರ್ ಇರಲಿಲ್ಲ. ಚಿತ್ರ ಹಿಡಿದಿಡಲಾಗದಿದ್ದರೇನು, ಧ್ವನಿಯಾದರೂ ಇರಲಿ ಎಂದು ಕಾರ್ಯಕ್ರಮ ಬರುವ ಹೊತ್ತಿಗೆ ರೆಕಾರ್ಡರ್ ಹಚ್ಚಿ ಕೂರುತ್ತಿದ್ದರು. ಟಿ.ವಿ. ಮುಂದೆ ಮೈಕ್ ಇಟ್ಟು ದಾಖಲಿಸುವಾಗ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಅದೂ ಸೇರಿಕೊಳ್ಳುತ್ತದೆ. ಮನೆಯವರಿಗೆ ಇದು ಹುಚ್ಚಾಟವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಇಂಥ ಕೆಲವರ ಹಟದಿಂದಲೇ, ಚಿತ್ರ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಮುಂದೆ ಬಿಬಿಸಿಯೇ ಆ ಧ್ವನಿಗೆ ನಿರೂಪಣೆ ಸೇರಿಸಿ ಸಿ.ಡಿ.ಗಳಾಗಿ ಮಾರಿತು.

ಇನ್ನೊಬ್ಬರು ಜಾನ್ ಕ್ಯುರಾ ಎಂಬ ಛಾಯಾಗ್ರಾಹಕ. ಟಿ.ವಿ. ಪರದೆಯ ಫೋಟೊ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುವುದು ಅವರ ವೃತ್ತಿ. ಒಂದು ಕಂತಿಗೆ ಅರವತ್ತರ ಆಸುಪಾಸು ಚಿತ್ರಗಳು. ಹಲವು ಕಂತುಗಳು ಹೇಗೆ ಕಾಣುತ್ತಿದ್ದವು ಎಂಬುದಕ್ಕೆ ಇವೇ ಸಾಕ್ಷಿ. ಉಳಿದ ಧ್ವನಿಗೆ ಹೊಸದಾಗಿ ಆ್ಯನಿಮೇಷನ್ ಚಿತ್ರ ಹೊಂದಿಸುವ ಕೆಲಸ 2006ರ ಡಿವಿಡಿಯೊಂದರಿಂದ ಆರಂಭವಾಯಿತು. 1966ರ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಕಥೆಯ ಆರೂ ಕಂತುಗಳು 2016ರಲ್ಲಿ ಹೀಗೆ ಮರಳಿ ಬಂದವು.

ಕೆಲವು ಕಂತುಗಳು ನಿಜವಾಗಿಯೇ ಸಿಕ್ಕವು. 1983ರಲ್ಲಿ ಎರಡು ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸಿಕ್ಕವು. ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಕಥೆಯ ನಾಲ್ಕೂ ಕಂತುಗಳು ಹಾಂಗ್‌ಕಾಂಗಿನಿಂದ ಬಂದವು. 1992ರಲ್ಲಿ ಕ್ಯಾಸೆಟ್ ಆಗಿ ಹೊರಟವು. 1999ರಲ್ಲಿ ಒಂದು ಕಂತು ನ್ಯೂಜಿಲೆಂಡಿನ ಒಬ್ಬ ಸಂಗ್ರಾಹಕರ ಬಳಿ ಇತ್ತು. ಕಳೆದುಹೋಗಿದ್ದ ಒಂಬತ್ತು ಕಂತುಗಳು ನೈಜೀರಿಯಾದ ಜೋಸ್ ಪಟ್ಟಣದಲ್ಲಿ ಸಿಕ್ಕ ಸುದ್ದಿ 2013ರಲ್ಲಿ ಪ್ರಕಟವಾಯಿತು. ಅಷ್ಟಾದ ಮೇಲೂ ಆ ವರ್ಷ ಕೊರತೆಯ ಲೆಕ್ಕ 97ಕ್ಕೆ ನಿಂತಿತ್ತು.

ಪೆಟ್ಟಿಗೆಯ ಮೇಲಿನ ನಿಮಿಷಗಳು

ಅಳಿಸದೆ ಉಳಿದದ್ದೆಲ್ಲ ಇಡಿಯಾಗಿ ಮನೆಗೆ ಬಂತೇ? ಅದೂ ಇಲ್ಲ. ‘ಡಾಕ್ಟರ್ ಹೂ’ದ ಮೊದಲ ಕ್ಯಾಸೆಟ್ ಮಾರಾಟಕ್ಕೆ ಬಂದದ್ದು 1983ರಲ್ಲಿ. ಕಥೆ, 1975ರ ‘ರಿವೆಂಜ್ ಆಫ್ ದಿ ಸೈಬರ್‌ಮೆನ್’. ಬೆಲೆ ಸುಮಾರು 40 ಪೌಂಡ್, ಆ ಕಾಲಕ್ಕೆ ದೊಡ್ಡ ಮೊತ್ತ. ಅಭಿಮಾನಿಗಳು ಕೇಳಿದ್ದು ‘ಟೂಂಬ್’, ಅದು ಇಲ್ಲದ್ದರಿಂದ ಸಿಕ್ಕಿದ್ದು ‘ರಿವೆಂಜ್’ ಎಂಬ ಮಾತು ಸಂಗ್ರಾಹಕರ ನಡುವೆ ಈಗಲೂ ಓಡಾಡುತ್ತದೆ. ನಾಲ್ಕು ಕಂತುಗಳ ನಡುವಿನ ಹೆಸರುಪಟ್ಟಿ ತೆಗೆದು, ಜೋಡಿಸಿ, ಒಂದೇ ಸಿನಿಮಾದಂತೆ ಮಾಡಿದ್ದರು. ರಕ್ಷಾಕವಚದ ಮೇಲಿನ ಸೈಬರ್‌ಮ್ಯಾನ್ ಕೂಡ ಆ ಕಥೆಯದಲ್ಲ. 1982ರ ಬೇರೊಂದು ಕಥೆಯ ಹೊಸ ವೇಷದ್ದು.

ಮರುವರ್ಷ ಬಂದ ‘ದಿ ಬ್ರೇನ್ ಆಫ್ ಮಾರ್ಬಿಯಸ್’ ಕಥೆಯದು ಇನ್ನೂ ಕಷ್ಟ. 1976ರಲ್ಲಿ ಪ್ರಸಾರವಾದಾಗ ಅದಕ್ಕೆ ನಾಲ್ಕು ಕಂತು, ಒಂದೊಂದೂ ಸುಮಾರು 25 ನಿಮಿಷ. ನಾಲ್ಕು ಇಪ್ಪತ್ತೈದಲ ನೂರು. ಕ್ಯಾಸೆಟ್ಟಿನಲ್ಲಿ ಇದ್ದದ್ದು ಸುಮಾರು ಒಂದು ಗಂಟೆ. ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು? ಪ್ರತಿ ಕಂತಿನ ಕೊನೆಗೆ ಉಸಿರು ಬಿಗಿಹಿಡಿಸುವ ತಿರುವೊಂದಿತ್ತು. ವಾರವಿಡೀ ಮುಂದೇನು ಎಂದು ಕಾಯಿಸಲೆಂದೇ ಕಥೆಗಾರ ಅದನ್ನು ಹೆಣೆದದ್ದು. ಕತ್ತರಿ ಮೊದಲು ಬೀಳುವುದು ಇಂಥಲ್ಲೇ. ಪೂರ್ತಿ ಕಥೆ ಕ್ಯಾಸೆಟ್ಟಿನಲ್ಲಿ ಬರಲು 1990 ಆಗಬೇಕಾಯಿತು.

ಸಂಗ್ರಾಹಕನ ಮೊದಲ ಪಾಠ ಇಲ್ಲಿದೆ. ಪೆಟ್ಟಿಗೆಯ ಮುಂಭಾಗ ಆಸೆ ಹುಟ್ಟಿಸುತ್ತದೆ, ಹಿಂಭಾಗ ನಿಜ ಹೇಳುತ್ತದೆ. ಒಟ್ಟು ನಿಮಿಷಗಳನ್ನು ಕಂತುಗಳ ಸಂಖ್ಯೆಯಿಂದ ಭಾಗಿಸಿದರೆ ಕತ್ತರಿ ಬಿದ್ದಿದೆಯೇ ಎಂದು ತಿಳಿಯುತ್ತದೆ. ಐದನೇ ತರಗತಿಯ ಗಣಿತ ಸಾಕು. ಆಂಡ್ರ್ಯೂ ಸ್ಕಿಲೆಟರ್, ಅಲಿಸ್ಟರ್ ಪಿಯರ್ಸನ್ ಬರೆದ ಮುಖಪುಟ ಚಿತ್ರಗಳಿಗಾಗಿಯೇ ಕ್ಯಾಸೆಟ್ ಕೊಂಡವರಿದ್ದಾರೆ. 1993ರಲ್ಲಿ ಎರಡು ಡಾಲೆಕ್ ಕಥೆಗಳು ಒಂದು ತಗಡಿನ ಡಬ್ಬಿಯಲ್ಲಿ ಬಂದಾಗ ಡಬ್ಬಿಗೇ ಆಸೆಪಟ್ಟವರೂ ಉಂಟು. ತಪ್ಪೇನಿಲ್ಲ; ಹೊದಿಕೆಯೂ ಅದರ ಕಾಲದ ಕುರುಹು. ಆದರೆ ಹೊದಿಕೆ ಚೆಂದವಿದೆಯೆಂದು ಒಳಗಿನದು ಪೂರ್ತಿ ಇದೆ ಎಂದುಕೊಳ್ಳಬಾರದು.

ಕತ್ತರಿಗೆ ಹಕ್ಕುಸ್ವಾಮ್ಯವೂ ಒಂದು ಕಾರಣ. 1965ರ ‘ದಿ ಚೇಸ್’ ಕಥೆಯಲ್ಲಿ ಬೀಟಲ್ಸ್ ತಂಡ ಹಾಡುವ ಒಂದು ಚಿಕ್ಕ ದೃಶ್ಯವಿದೆ. ಅದು ಬಿಬಿಸಿಯ ಬೇರೊಂದು ಸಂಗೀತ ಕಾರ್ಯಕ್ರಮದ್ದು. ಮೂಲ ಕಾರ್ಯಕ್ರಮದ ಆ ಭಾಗ ಅಳಿದು, ಈ ಕಥೆಯೊಳಗೆ ಸೇರಿಕೊಂಡ ತುಣುಕಷ್ಟೇ ಉಳಿಯಿತು. ಅಮೆರಿಕದ ಡಿವಿಡಿಯಲ್ಲಿ ಹಕ್ಕಿನ ತೊಡಕಿನಿಂದ ಅದೂ ಇಲ್ಲ. ಒಂದೇ ಹೆಸರು, ಒಂದೇ ಕಥೆ. ಬ್ರಿಟನ್ನಿನ ಡಿಸ್ಕಿನಲ್ಲಿ ಇರುವುದು ಅಮೆರಿಕದ್ದರಲ್ಲಿ ಇಲ್ಲ. ಇಂಥ ತೊಡಕಿನಿಂದ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯ 2007ರ ಡಿವಿಡಿಯಲ್ಲಿ ಹಾಡುಗಳೇ ಬದಲಾಗಿದ್ದವು. 2014ರ ಆವೃತ್ತಿಯಲ್ಲಿ ಹೆಚ್ಚಿನವು ಮರಳಿದವು.

ತೆಗೆಯುವುದಷ್ಟೇ ಅಲ್ಲ, ಸೇರಿಸುವುದೂ ಉಂಟು. ‘ಸ್ಟಾರ್ ಟ್ರೆಕ್’ನ ಹಳೆಯ ಕಂತುಗಳಿಗೆ 2006ರಿಂದ ಕಂಪ್ಯೂಟರಿನ ಹೊಸ ಆಕಾಶನೌಕೆಗಳನ್ನು ಕೂಡಿಸಿದರು. ಆದರೆ ಬ್ಲೂ-ರೇ ಡಿಸ್ಕಿನಲ್ಲಿ ಹಳೆಯದನ್ನೂ ಇಟ್ಟು, ಯಾವುದು ಬೇಕೋ ಆರಿಸಿಕೊಳ್ಳಿ ಎಂದರು. ಯುದ್ಧರಂಗದ ಆಸ್ಪತ್ರೆಯ ಕಥೆ ‘ಮ್ಯಾಶ್’ನ ಡಿವಿಡಿಯಲ್ಲಿ ಹಿನ್ನೆಲೆಯ ನಗುವನ್ನು ಆರಿಸಿ ನೋಡುವ ಅನುಕೂಲವಿದೆ. ನೋಡುಗನ ಕೈಗೆ ಆಯ್ಕೆ ಕೊಡುವುದೇ ಒಳ್ಳೆಯ ಆವೃತ್ತಿಯ ಲಕ್ಷಣ.

ಬಣ್ಣ ಬಂದ ಬಗೆ

ಮನೆಯ ಟೇಪು ಸಂಸ್ಥೆಯ ನೆರವಿಗೆ ಬಂದ ಪ್ರಸಂಗವೊಂದಿದೆ. 1971ರ ‘ದಿ ಡೀಮನ್ಸ್’ ಕಥೆ ತಯಾರಾದದ್ದು ಬಣ್ಣದಲ್ಲಿ. ಆದರೆ ಬಿಬಿಸಿಯ ಬಳಿ ಐದರಲ್ಲಿ ನಾಲ್ಕು ಕಂತುಗಳು ಕಪ್ಪು ಬಿಳುಪು ಫಿಲ್ಮಿನಲ್ಲಷ್ಟೇ ಉಳಿದಿದ್ದವು. ಅಮೆರಿಕದ ಅಭಿಮಾನಿಯೊಬ್ಬರು ಪ್ರಸಾರವಾಗುವಾಗ ಮನೆಯಲ್ಲೇ ಟೇಪು ಮಾಡಿಕೊಂಡಿದ್ದರು. ಆ ಟೇಪಿನಲ್ಲಿ ಬಣ್ಣವಿತ್ತು, ಸ್ಪಷ್ಟತೆ ಇರಲಿಲ್ಲ. ಫಿಲ್ಮಿನಲ್ಲಿ ಸ್ಪಷ್ಟತೆ ಇತ್ತು, ಬಣ್ಣವಿರಲಿಲ್ಲ. 1992ರಲ್ಲಿ ತಂತ್ರಜ್ಞರು ಇದರ ಬಣ್ಣವನ್ನು ಅದರ ಗೆರೆಯ ಮೇಲೆ ಕೂರಿಸಿ, ಕಥೆಯನ್ನು ಮತ್ತೆ ಬಣ್ಣದಲ್ಲಿ ಪ್ರಸಾರ ಮಾಡಿದರು. ಕುಂಟನನ್ನು ಕುರುಡ ಹೊತ್ತು ನಡೆದ ಹಳೆಯ ಕಥೆಯ ಹಾಗೆ.

ಈಗ ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಸಿಗುವಾಗ ಕಪಾಟು ತುಂಬಿಸುವುದೇಕೆ ಎಂದು ಹೆತ್ತವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರವೂ ಈ ಧಾರಾವಾಹಿಯಲ್ಲೇ ಇದೆ. 2023ರಲ್ಲಿ ಅರವತ್ತು ವರ್ಷ ತುಂಬಿದಾಗ ಬಿಬಿಸಿ ತನ್ನ ಇಂಟರ್‌ನೆಟ್ ಸೇವೆಯಲ್ಲಿ ಎಂಟುನೂರಕ್ಕೂ ಹೆಚ್ಚು ಕಂತುಗಳನ್ನು ಒಟ್ಟಿಗೆ ಇಟ್ಟಿತು. ಆದರೆ ಎಲ್ಲಕ್ಕೂ ಮೊದಲಿನ ನಾಲ್ಕು ಕಂತುಗಳ ಕಥೆ, ‘ಆ್ಯನ್ ಅನ್‌ಅರ್ಥ್ಲಿ ಚೈಲ್ಡ್’, ಅಂದು ಅಲ್ಲಿ ಇರಲಿಲ್ಲ. ಹಕ್ಕಿನ ಮಾತುಕತೆ ಕೂಡಿಬರಲಿಲ್ಲ. 2006ರ ಡಿವಿಡಿ ಇಟ್ಟುಕೊಂಡಿದ್ದವರು ಮಾತ್ರ ಆ ದಿನ ಮೊದಲ ಕಂತನ್ನು ತಮ್ಮ ಪಾಡಿಗೆ ನೋಡಿದರು.

ಮನೆಯ ಅಟ್ಟದಲ್ಲಿ

ಇದಕ್ಕಾಗಿ ಪೌಂಡು, ಡಾಲರು ಬೇಕಿಲ್ಲ. ಕನ್ನಡಿಗರ ಮನೆಯಲ್ಲಿ ಈ ಹವ್ಯಾಸಕ್ಕೆ ‘ಮಾಲ್ಗುಡಿ ಡೇಸ್’ಗಿಂತ ಒಳ್ಳೆಯ ಆರಂಭ ಬೇಡ. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ, ದೂರದರ್ಶನದಲ್ಲಿ ಬಂದ ಧಾರಾವಾಹಿ ಅದು. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ತಂದೆ. ಮೊದಲ ಹದಿಮೂರು ಕಂತುಗಳು ಹಿಂದಿ, ಇಂಗ್ಲಿಷ್ ಎರಡರಲ್ಲೂ ತಯಾರಾದವು, ಉಳಿದವು ಹಿಂದಿಯಲ್ಲಿ. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಹೊಸ ಕಂತುಗಳು ಬಂದವು. ಹಾಗಾದರೆ ಕೈಯಲ್ಲಿರುವ ಡಿವಿಡಿಯಲ್ಲಿ ಎಷ್ಟು ಕಂತು? ಯಾವ ಭಾಷೆ? ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ, ಎಲ್. ವೈದ್ಯನಾಥನ್ ಅವರ ರಾಗ ಪ್ರತಿ ಕಂತಿನ ಆರಂಭದಲ್ಲೂ ಇದೆಯೇ, ಅಥವಾ ಸಮಯ ಉಳಿಸಲೆಂದು ತೆಗೆದಿದ್ದಾರೆಯೇ? ವಿದ್ಯಾರ್ಥಿಯೊಬ್ಬ ಒಂದು ನೋಟ್‌ಬುಕ್ಕಿನಲ್ಲಿ ಕಂತಿನ ಹೆಸರು, ನಿಮಿಷ, ಭಾಷೆ, ಕಂಡ ಲೋಪ ಎಂದು ನಾಲ್ಕು ಕಲಂ ಎಳೆದು ಬರೆಯತೊಡಗಿದರೆ ಅದೇ ಸಂಶೋಧನೆಯ ಮೊದಲ ಮೆಟ್ಟಿಲು.

ಅಟ್ಟದ ಮೇಲೆ ಹಳೆಯ ವಿಡಿಯೊ ಕ್ಯಾಸೆಟ್ಟುಗಳಿದ್ದರೆ ತಡ ಮಾಡಬಾರದು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಅದನ್ನು ನಿಲ್ಲಿಸಿತು. ಮಲೆನಾಡು, ಕರಾವಳಿಯ ತೇವದಲ್ಲಿ ಟೇಪಿಗೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಅಂಥದ್ದನ್ನು ಹಾಗೆಯೇ ಹಾಕಿದರೆ ಯಂತ್ರಕ್ಕೂ ಅಂಟುತ್ತದೆ. ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ, ಒಣಗಿದ ಜಾಗದಲ್ಲಿ, ಸ್ಪೀಕರಿನಂಥ ಅಯಸ್ಕಾಂತಗಳಿಂದ ದೂರ ಇಡಬೇಕು. ಪ್ರತಿ ಮಾಡಿಸುವಾಗ ನಡುವಿನ ಜಾಹೀರಾತು, ವಾರ್ತೆಯ ತುಣುಕು ಬೇಡವೆಂದು ತೆಗೆಸಬಾರದು. ಆಸ್ಟ್ರೇಲಿಯಾದ ಚೂರುಗಳ ಕಥೆ ನೆನಪಿರಲಿ. ಮನೆಯ ಬಳಕೆಗೆ ಕಾಪಿಡುವುದು ಬೇರೆ, ಪ್ರತಿ ಮಾಡಿ ಮಾರುವುದು ಬೇರೆ. ಎರಡನೆಯದು ಅಪರಾಧ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಕ್ಯಾಸೆಟ್ಟಿನ ಬೆನ್ನಿನ ಒಂದು ತುದಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ನಾಲಿಗೆಯೊಂದಿರುತ್ತದೆ. ಅದನ್ನು ಮುರಿದರೆ ಆ ಟೇಪಿನ ಮೇಲೆ ಯಾರೂ ಅಕಸ್ಮಾತ್ತಾಗಿ ಬೇರೇನನ್ನೂ ದಾಖಲಿಸಲಾಗದು. ಅಜ್ಜಿಯ ದನಿಯೋ, ಹಳೆಯ ಧಾರಾವಾಹಿಯೋ ಇರುವ ಕ್ಯಾಸೆಟ್ಟು ಸಿಕ್ಕಿದರೆ ಯಂತ್ರಕ್ಕೆ ಹಾಕುವ ಮೊದಲು ಮಾಡಬೇಕಾದ ಕೆಲಸ ಅದು.