ಜೈಲಿಗೆ ಸೇರೋ ಹುಡುಗಿಗೆ ಗಂಡು ಸಿಗಲ್ವಂತೆ

ಪರಪ್ಪನ ಅಗ್ರಹಾರ ಅನ್ನೋದು ಒಂದು ಊರಿನ ಹೆಸರು ಕಣ್ರೀ. ಅಲ್ಲಿ ಮನೆಗಳಿವೆ, ಬೇಕರಿಗಳಿವೆ, ಶಾಲೆಗೆ ಹೋಗೋ ಮಕ್ಕಳಿದ್ದಾರೆ, ಒಂದೇ ರೂಮಿನಲ್ಲಿ ಮೂವರು ಮಲಗಿ ಎದ್ದು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಓಡೋ ಹುಡುಗರಿದ್ದಾರೆ. ಆದರೂ ಬೆಂಗಳೂರಿನಲ್ಲಿ ಯಾರ ಬಾಯಲ್ಲಿ ಆ ಹೆಸರು ಬಂದರೂ ಅರ್ಥ ಒಂದೇ. ಅಲ್ಲೇ ಬಾಡಿಗೆಗಿರುವ ನನ್ನ ಸಹೋದ್ಯೋಗಿಯನ್ನು ಮನೆ ಎಲ್ಲಿ ಅಂತ ಕೇಳಿ, ‘ಹೊಸ ರೋಡ್ ಹತ್ರ’ ಅಂತಾನೆ. ಊರಿನ ಹೆಸರು ಹೇಳೋಕೇ ಇಷ್ಟು ಮುಜುಗರ ಇರುವಾಗ, ಆ ಗೋಡೆಯ ಒಳಗಡೆ ನೌಕರಿ ಮಾಡ್ತೀನಿ ಅಂತ ಒಬ್ಬ ಹುಡುಗಿ ಹೊರಟರೆ ಮನೆಯಲ್ಲಿ ಏನಾಗಬೇಡ?

ಹೊರಟಿರೋದು ನನ್ನ ಚಿಕ್ಕಪ್ಪನ ಮಗಳು. ವಯಸ್ಸು 26, ಎಂಎಸ್‌ಡಬ್ಲ್ಯೂ ಮಾಡಿದ್ದಾಳೆ, ಸದ್ಯಕ್ಕೆ ಒಂದು ಕಂಪನಿಯಲ್ಲಿ ಎಚ್‌ಆರ್. ಜೈಲರ್ ಹುದ್ದೆಗೆ ಅರ್ಜಿ ಕರೆದಾಗ ಹಾಕೋದೇ ಅಂತ ತೀರ್ಮಾನಿಸಿ ರಾತ್ರಿ ಓದ್ತಾಳೆ, ಬೆಳಿಗ್ಗೆ ಓಡ್ತಾಳೆ. ಮನೆಯವರಿಗೆ ಸರ್ಕಾರಿ ಕೆಲಸದ ಬಗ್ಗೆ ತಕರಾರಿಲ್ಲ. ಕೆಎಎಸ್‌ಗೆ ಓದು, ಪಿಎಸ್‌ಐಗೆ ಓದು, ಎಫ್‌ಡಿಎ ಆದರೂ ಪರವಾಗಿಲ್ಲ, ಜೈಲು ಮಾತ್ರ ಬೇಡ. ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ. ದೊಡ್ಡತ್ತೆ ಮಾತು ಬಿಡೋ ಪೈಕಿ ಅಲ್ಲ, ‘ಜೈಲಲ್ಲಿ ಕೆಲಸ ಮಾಡೋಳನ್ನ ಯಾರಪ್ಪ ಮಾಡ್ಕೊಳ್ತಾರೆ?’ ಅಂತ ಫ್ಯಾಮಿಲಿ ಗ್ರೂಪಿನಲ್ಲೇ ವಾಯ್ಸ್ ಮೆಸೇಜ್ ಹಾಕಿದ್ದಾರೆ.

ಇದು ನಮ್ಮ ಒಂದು ಮನೆಯ ರಾಮಾಯಣ ಆಗಿದ್ದರೆ ಇಲ್ಲಿ ಬರೀತಿರಲಿಲ್ಲ. ವಿಜಯನಗರದ ಯಾವುದೇ ಕೋಚಿಂಗ್ ಸೆಂಟರಿನ ಮೆಟ್ಟಿಲ ಮೇಲೆ ಐದು ನಿಮಿಷ ನಿಂತು ಕೇಳಿಸಿಕೊಳ್ಳಿ. ಅಲ್ಲೊಂದು ಬರೆಯದ ರ‍್ಯಾಂಕ್ ಪಟ್ಟಿ ಇದೆ. ಮೇಲೆ ಎಸಿ, ಡಿವೈಎಸ್‌ಪಿ, ನಡುವೆ ಪಿಎಸ್‌ಐ, ಪಿಡಿಒ, ಕೆಳಗೆಲ್ಲೋ ‘ಜೈಲ್ ಡಿಪಾರ್ಟ್‌ಮೆಂಟ್’. ಸಿಕ್ಕರೆ ಸೇರ್ಕೋ, ಒಳಗಿದ್ದುಕೊಂಡೇ ಬೇರೆದಕ್ಕೆ ಓದು ಅನ್ನೋದು ಅಲ್ಲಿಯ ಬುದ್ಧಿವಾದ. ನನ್ನ ಜಗಳ ಇರೋದು ಈ ಪಟ್ಟಿಯ ಜೊತೆ. ಮನುಷ್ಯರನ್ನು ಬೀಗ ಹಾಕಿ ಇಡುವ ಅಧಿಕಾರ ಇರೋ ಕೆಲಸವನ್ನು ಬೇರೇನೂ ಸಿಗದವರ ಪಾಲಿಗೆ ಅಂತ ಬಿಟ್ಟುಕೊಟ್ಟವರು ನಾವು. ಆಮೇಲೆ ಜೈಲಿನಿಂದ ಒಂದು ಫೋಟೋ ಹೊರಗೆ ಬಂದಾಗ ಬೆಚ್ಚಿಬಿದ್ದವರ ಹಾಗೆ ಆಡೋದು ನಾಟಕ.

ಫೋಟೋ ಅಂದ ಕೂಡಲೇ ನಿಮಗೆ ನೆನಪಾಗಿದ್ದು ಯಾವುದು ಅಂತ ಗೊತ್ತು. 2024ರ ಆಗಸ್ಟ್. ನಟ ದರ್ಶನ್, ಪಕ್ಕದಲ್ಲಿ ರೌಡಿ ವಿಲ್ಸನ್ ಗಾರ್ಡನ್ ನಾಗ, ಕುರ್ಚಿ, ಕಪ್ಪು, ಸಿಗರೇಟು. ನಮ್ಮ ಆಫೀಸಿನಲ್ಲಿ ಆ ದಿನ ಬೇರೆ ಮಾತೇ ಇರಲಿಲ್ಲ, ‘ನಮ್ಮ ಪಿಜಿಗಿಂತ ವಾಸಿ’ ಅನ್ನೋ ಮೀಮ್ ನನಗೇ ನಾಲ್ಕು ಕಡೆಯಿಂದ ಬಂತು. ಜೈಲಿನ ಅಧಿಕಾರಿಗಳು, ಸಿಬ್ಬಂದಿ ಅಮಾನತಾದರು, ನಟ ಬಳ್ಳಾರಿಗೆ ಹೋದರು. ಒಂದು ವರ್ಷದ ನಂತರ ಸುಪ್ರೀಂ ಕೋರ್ಟ್ ಅವರ ಜಾಮೀನು ರದ್ದು ಮಾಡುವಾಗ ವಿಶೇಷ ಆತಿಥ್ಯದ ಬಗ್ಗೆ ಅಧಿಕಾರಿಗಳಿಗೇ ಎಚ್ಚರಿಕೆ ಕೊಟ್ಟಿತು. ಎಲ್ಲ ಸರಿ. ದುಡ್ಡು ತಗೊಂಡು ಸಿಗರೇಟು ಒಳಗೆ ಬಿಟ್ಟವನ ಪರ ವಕಾಲತ್ತು ನಾನು ವಹಿಸೋದಿಲ್ಲ, ಅವನು ಮನೆಗೆ ಹೋಗಲಿ. ಆದರೆ ಜೈಲು ಅಂದರೆ ನಮಗೆ ಆ ಒಂದು ಕುರ್ಚಿ ಮಾತ್ರ ಕಾಣಿಸುತ್ತಲ್ಲ, ಅದು ನನ್ನ ತಕರಾರು. ಕುರ್ಚಿ ಸಿಗದೆ ನೆಲದ ಮೇಲೆ ಮೈಗೆ ಮೈ ತಾಗಿಸಿ ಮಲಗಿರುವವರ ಫೋಟೋ ಯಾರೂ ತೆಗೆಯೋದಿಲ್ಲ.

ಅವರು ಯಾರು? ಎನ್‌ಸಿಆರ್‌ಬಿ ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ, ಇದ್ದ ಜಾಗ 4,36,266 ಜನಕ್ಕೆ. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲೆ ಅಪರಾಧ ಇನ್ನೂ ಸಾಬೀತಾಗಿಲ್ಲ. ಅವರನ್ನೆಲ್ಲ ‘ಕಂಬಿ ಎಣಿಸೋರು’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡ್ತೀವಿ ನಾವು.

ಈ ಮೂವರಿಗೆ ನ್ಯಾಯಾಧೀಶರು ಕಾಣೋದು ತಾರೀಖಿನ ದಿನ, ಅದೂ ಕೆಲವು ನಿಮಿಷ, ಎಷ್ಟೋ ಸಲ ವಿಡಿಯೋ ಪರದೆಯ ಮೇಲೆ. ವಕೀಲರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಬ್ಯಾರಕ್ಕಿನ ಬೀಗ ತೆಗೆದು ತಲೆ ಎಣಿಸುವವರು, ಸಂಜೆ ಮತ್ತೆ ಎಣಿಸಿ ಬೀಗ ಹಾಕುವವರು ಮಾತ್ರ ದಿನವೂ ಇರ್ತಾರೆ. ಜ್ವರ ಬಂದವನನ್ನು ಇವತ್ತು ಡಾಕ್ಟರ್ ಹತ್ತಿರ ಕಳಿಸಬೇಕೋ ನಾಳೆಯೋ, ಮುಟ್ಟಾದ ಹೆಂಗಸಿಗೆ ಪ್ಯಾಡು ಸಿಕ್ಕಿತೋ ಇಲ್ಲವೋ, ಉಚಿತ ಕಾನೂನು ನೆರವಿಗೆ ಬರೆಸಿದ ಅರ್ಜಿ ಮೇಜಿನಿಂದ ಮುಂದಕ್ಕೆ ಹೋಯಿತೋ ಡ್ರಾಯರಿನಲ್ಲಿ ಕೂತಿತೋ, ಎಲ್ಲ ಇವರ ಕೈಯಲ್ಲಿ. ಸಂವಿಧಾನದ 21ನೇ ವಿಧಿ ಪುಸ್ತಕದಲ್ಲಿದೆ, ಸರಿ. ಬ್ಯಾರಕ್ಕಿನಲ್ಲಿ ಅದು ಖಾಕಿ ಹಾಕಿದ ಒಬ್ಬ ಮನುಷ್ಯ.

ನನ್ನ ತಂಗಿ ಎಂಎಸ್‌ಡಬ್ಲ್ಯೂ ಫೀಲ್ಡ್‌ವರ್ಕ್‌ಗೆ ಹೋಗಿದ್ದು ಒಂದು ಜಿಲ್ಲೆಯ ಜೈಲಿಗೆ. ಆರು ವರ್ಷದೊಳಗಿನ ಮಕ್ಕಳು ತಾಯಿಯ ಜೊತೆ ಒಳಗೆ ಇರಬಹುದು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಲ್ಲಿ ಅಂಥದೊಂದು ಮಗು ಇತ್ತಂತೆ. ಅಲ್ಲಿದ್ದ ಒಬ್ಬ ಮಹಿಳಾ ವಾರ್ಡರ್, ಐವತ್ತರ ಆಸುಪಾಸಿನವರು, ಆ ಮಗುವನ್ನು ದಿನಾ ಗೇಟಿನ ತನಕ ಕರ್ಕೊಂಡು ಬಂದು ರಸ್ತೆಯಲ್ಲಿ ಹೋಗೋ ಬಸ್ಸು ತೋರಿಸ್ತಿದ್ದರಂತೆ. ಯಾಕೆ ಅಂತ ಇವಳು ಕೇಳಿದ್ದಕ್ಕೆ, ‘ನಾಳೆ ಹೊರಗೆ ಹೋದಾಗ ಹೆದರ್ಕೋಬಾರ್ದಲ್ಲಮ್ಮ’ ಅಂದರಂತೆ. ಮ್ಯಾನ್ಯುಯಲ್ಲಿನಲ್ಲಿ ಅದು ಎಲ್ಲೂ ಬರೆದಿರಲಿಕ್ಕಿಲ್ಲ. ಅದೇ ಜೈಲಿನಲ್ಲಿ ಇನ್ನೊಬ್ಬರು ಇದ್ದರಂತೆ, ಭೇಟಿಗೆ ಬಂದವರ ಬಾಳೆಹಣ್ಣಿನಲ್ಲೂ ಪಾಲು ತಗೊಳ್ಳೋರು. ಒಂದೇ ಸಂಬಳ, ಒಂದೇ ಸಮವಸ್ತ್ರ. ಕೈದಿಯ ಪಾಲಿಗೆ ಸರ್ಕಾರ ಅಂದರೆ ಇವರಿಬ್ಬರಲ್ಲಿ ಆ ದಿನ ಯಾರ ಪಾಳಿಯೋ ಅವರು. ಅವತ್ತೇ ಈ ಹುಚ್ಚು ಹಿಡೀತು ಅಂತಾಳೆ.

ಇನ್ನೊಂದು ವಿಷಯ, ಇದು ಡ್ಯಾಶ್‌ಬೋರ್ಡ್ ಮಾಡಿ ಮಾಡಿ ಸವೆದಿರುವ ನನ್ನಂಥವರಿಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಏನು ಹೇಳುತ್ತೆ? ತನ್ನ ಮೇಲಿನ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ವಿಚಾರಣೆಯಲ್ಲೇ ಕಳೆದವನನ್ನು ಜಾಮೀನಿನ ಮೇಲೆ ಬಿಡಬೇಕು, ಹಿಂದೆ ಶಿಕ್ಷೆಯಾಗಿರದವನಾದರೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆ ಆಗಬಹುದಾದ ಪ್ರಕರಣಗಳಿಗೆ ಇದು ಇಲ್ಲ, ಮೈಮೇಲೆ ಒಂದಕ್ಕಿಂತ ಹೆಚ್ಚು ಕೇಸು ಇದ್ದರೂ ಇಲ್ಲ. ಆ ಅವಧಿ ಮುಗಿದ ಕೂಡಲೇ ಕೋರ್ಟಿಗೆ ಅರ್ಜಿ ಬರೆಯಬೇಕಾದವರು ಯಾರು? ಕೈದಿ ಅಲ್ಲ, ವಕೀಲ ಅಲ್ಲ, ಜೈಲಿನ ಅಧೀಕ್ಷಕರು. ಈ ಕಲಂ ಹಳೆಯ ಕೇಸುಗಳಿಗೂ ಅನ್ವಯಿಸುತ್ತದೆ ಅಂತ ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಂದರೆ ಒಳಗೆ ಒಬ್ಬರು ಕೂತು ಒಬ್ಬೊಬ್ಬನ ದಿನ ಎಣಿಸಬೇಕು. ಯಾವ ಕಲಮು, ಎಷ್ಟು ವರ್ಷ, ಯಾವತ್ತು ಒಳಗೆ ಬಂದ, ಯಾವತ್ತಿಗೆ ಮೂರನೇ ಒಂದು ಭಾಗ. ಎಣಿಸೋದು ತಪ್ಪಿದರೆ ಒಬ್ಬ ಮನುಷ್ಯ ಸುಮ್ಮನೆ ಒಳಗೇ ಉಳೀತಾನೆ. ಕ್ಲೈಂಟಿನ ಬಟನ್ ಬಣ್ಣ ಬದಲಾಯಿಸೋಕೆ ಮೂರು ಮೀಟಿಂಗ್ ಮಾಡೋ ನಾವು ಇದನ್ನು ‘ಗ್ರೋತ್ ಇಲ್ಲದ ಕೆಲಸ’ ಅಂತೀವಿ.

ಗ್ರೋತ್ ನಿಜಕ್ಕೂ ಕಡಿಮೆ, ಅದನ್ನು ಮುಚ್ಚಿಡೋದಿಲ್ಲ. ಇಲಾಖೆಯ ತುದಿಯಲ್ಲಿ ಕೂರೋದು ಪೊಲೀಸ್‌ನಿಂದ ಬಂದ ಐಪಿಎಸ್ ಅಧಿಕಾರಿ. ಜೈಲಿಗೆ ಅಂತಲೇ ಒಂದು ಅಖಿಲ ಭಾರತ ಸೇವೆ ಬೇಕು ಅಂತ ನ್ಯಾಯಮೂರ್ತಿ ಮುಲ್ಲಾ ಸಮಿತಿ 1983ರಲ್ಲೇ ಹೇಳಿತ್ತು, ಆ ಕಡತ ಇವತ್ತಿಗೂ ಕಡತವೇ. 2016ರ ಮಾದರಿ ಕೈಪಿಡಿ ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಬೇಕು ಅನ್ನುತ್ತೆ. ಮೂರು ಪಾಳಿಗೆ ಹಂಚಿದರೆ ಒಂದು ಹೊತ್ತಿಗೆ ಹದಿನೆಂಟು ಜನಕ್ಕೆ ಒಬ್ಬರು, ರಜೆ, ಕೋರ್ಟು, ಆಸ್ಪತ್ರೆ ಡ್ಯೂಟಿ ಕಳೆದರೆ ಇನ್ನೂ ಕಡಿಮೆ. ಅದೂ ಎಲ್ಲ ಹುದ್ದೆ ತುಂಬಿದ್ದರೆ!

ಹಾಗಂತ ಜನ ಮತ್ತು ದುಡ್ಡು ಸುರಿದರೆ ಎಲ್ಲ ಸರಿಹೋಗುತ್ತೆ ಅಂತ ನಂಬೋರಿಗೆ ನ್ಯೂಯಾರ್ಕ್ ನಗರದ ರೈಕರ್ಸ್ ದ್ವೀಪ ತೋರಿಸಬೇಕು. ಲಾಗಾರ್ಡಿಯಾ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ, ಅಲ್ಲಿ ಇಳಿಯೋ ನಮ್ಮ ಆನ್‌ಸೈಟ್ ಹುಡುಗರು ಕಿಟಕಿಯಿಂದ ನೋಡಿರ್ತಾರೆ, ಏನು ಅಂತ ಗೊತ್ತಿರೋದಿಲ್ಲ. ಅಲ್ಲಿಯ ಜೈಲು ಅಧಿಕಾರಿಗಳಿಗೆ ‘ಬೋಲ್ಡೆಸ್ಟ್’ ಅಂತ ಬಿರುದು ಬೇರೆ. 2021ರಲ್ಲಿ ಅಲ್ಲಿ ಕೈದಿಗಳಿಗಿಂತ ಅಧಿಕಾರಿಗಳೇ ಹೆಚ್ಚಿದ್ದರು, ಒಬ್ಬ ಕೈದಿಗೆ ವರ್ಷಕ್ಕೆ ಐದು ಲಕ್ಷ ಡಾಲರಿಗೂ ಮೀರಿ ಖರ್ಚಾಗಿತ್ತು. ಅದೇ ವರ್ಷ ಸಾವಿರಾರು ಅಧಿಕಾರಿಗಳು ಸಿಕ್ ಲೀವ್ ಹಾಕಿ ಮನೆಯಲ್ಲಿ ಉಳಿದರು, ಬಂದವರು ಎರಡು ಮೂರು ಪಾಳಿ ಒಟ್ಟೊಟ್ಟಿಗೆ ಮಾಡಿದರು, ಹತ್ತಕ್ಕೂ ಹೆಚ್ಚು ಕೈದಿಗಳು ಸತ್ತರು. 2024ರಲ್ಲಿ ಫೆಡರಲ್ ನ್ಯಾಯಾಧೀಶೆ ನಗರಾಡಳಿತದ ಮೇಲೆ ನ್ಯಾಯಾಂಗ ನಿಂದನೆ ಹೊರಿಸಿ, ಮರುವರ್ಷ ಸುಧಾರಣೆಯ ಹೊಣೆಯನ್ನು ಕೋರ್ಟಿಗೆ ಉತ್ತರಿಸುವ ಹೊರಗಿನವರೊಬ್ಬರಿಗೆ ಕೊಡಲು ಆದೇಶಿಸಿದರು. ಅಲ್ಲಿ ತಲೆ ಕಡಿಮೆ ಇರಲಿಲ್ಲ, ಸಂಬಳವೂ ಕಡಿಮೆ ಇರಲಿಲ್ಲ. ಆ ಕೆಲಸಕ್ಕೆ ಬರಬೇಕು ಅಂತ ಬಂದವರು ಎಷ್ಟಿದ್ದರು ಅನ್ನೋದು ನನ್ನ ಪ್ರಶ್ನೆ.

ಎಡಪಂಥದ ಒಬ್ಬ ಗೆಳೆಯನಿದ್ದಾನೆ, ಒಳ್ಳೆಯವನು, ಜಗಳಗಂಟ. ‘ಜೈಲೇ ಒಂದು ಹಿಂಸೆ ಮಾರಾಯ, ನಿನ್ನ ತಂಗಿ ಹೋಗಿ ಆ ಲಾಠಿಗೆ ಹೂ ಕಟ್ತಾಳೆ ಅಷ್ಟೆ’ ಅಂತಾನೆ. ನಾನು ಅವನಿಗೆ 2024ರ ಅಕ್ಟೋಬರ್ 3ರ ತೀರ್ಪು ನೆನಪಿಸ್ತೀನಿ. ಜೈಲಿನಲ್ಲಿ ಅಡುಗೆ ಯಾರು ಮಾಡಬೇಕು, ಕಕ್ಕಸು ಯಾರು ತೊಳೀಬೇಕು ಅನ್ನೋದನ್ನ ಜಾತಿ ನೋಡಿ ಹಂಚುತ್ತಿದ್ದ ಕೈಪಿಡಿಗಳ ವಿರುದ್ಧ ಪತ್ರಕರ್ತೆ ಸುಕನ್ಯಾ ಶಾಂತಾ ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ರದ್ದು ಮಾಡಿ, ಕೈದಿಗಳ ರಿಜಿಸ್ಟರಿನಲ್ಲಿರೋ ಜಾತಿಯ ಕಾಲಂ ತೆಗೀರಿ ಅಂತ ಹೇಳಿತು. ಒಳ್ಳೆಯದು. ಆದರೆ ನಾಳೆ ಬೆಳಿಗ್ಗೆ ಪೊರಕೆ ಯಾರ ಕೈಗೆ ಅಂತ ಹೇಳೋದು ದೆಹಲಿಯ ಪೀಠ ಅಲ್ಲ. ಆ ಬ್ಯಾರಕ್ಕಿನ ಮುಂದೆ ನಿಂತಿರೋ ಅಧಿಕಾರಿ. ಜೈಲು ಇಲ್ಲದ ಲೋಕ ಬರೋ ತನಕ ಆ ಜಾಗದಲ್ಲಿ ಯಾರು ನಿಂತಿರಬೇಕು ಅಂತ ಕೇಳಿದರೆ ಗೆಳೆಯ ಇನ್ನೊಂದು ಟೀ ಹೇಳ್ತಾನೆ.

ನನ್ನನ್ನು ನಿಜವಾಗಿ ಹೆದರಿಸೋ ಆಕ್ಷೇಪ ಒಂದೇ, ಅದನ್ನು ಮನೆಯಲ್ಲಿ ಯಾರೂ ಎತ್ತಿಲ್ಲ. 2017ರಲ್ಲಿ ಶಶಿಕಲಾ ಅವರಿಗೆ ಪರಪ್ಪನ ಅಗ್ರಹಾರದಲ್ಲಿ ವಿಶೇಷ ಸೌಲಭ್ಯ ಸಿಗ್ತಿದೆ ಅಂತ ಕಾರಾಗೃಹ ಡಿಐಜಿ ಡಿ. ರೂಪಾ ವರದಿ ಕೊಟ್ಟರು. ಕೆಲವೇ ದಿನಗಳಲ್ಲಿ ವರ್ಗಾವಣೆ ಆಯಿತು, ರೂಪಾ ಅವರದ್ದೇ! ಆಮೇಲೆ ವಿನಯ್ ಕುಮಾರ್ ಸಮಿತಿಯೂ ಸೌಲಭ್ಯ ಸಿಕ್ಕಿದ್ದು ನಿಜ ಅಂತ ಹೇಳಿತು ಅನ್ನಿ. ಐಪಿಎಸ್ ಅಧಿಕಾರಿಗೇ ಹೀಗಾದರೆ ಒಬ್ಬ ಹೊಸ ಜೈಲರ್ ಬಾಯಿ ತೆರೆದರೆ ಗತಿ ಏನು? ಮೀಮ್ ಹಂಚಿದವರು ಆಗ ಅವಳ ಬೆನ್ನಿಗೆ ನಿಲ್ತಾರಾ? ನಮಗೆ ಕಿರಣ್ ಬೇಡಿ ತಿಹಾರ್‌ನಲ್ಲಿ ಮಾಡಿದ್ದು ಗೊತ್ತು, ಅವರ ಭಾಷಣ ಕೇಳಿದ್ದೀವಿ. ಮಗುವಿಗೆ ಬಸ್ಸು ತೋರಿಸಿದ ವಾರ್ಡರಮ್ಮನ ಹೆಸರು ನನ್ನ ತಂಗಿಗೂ ಪೂರ್ತಿ ನೆನಪಿಲ್ಲ.

ಈ ಭಯವನ್ನು ಅವಳ ಮುಂದೆ ಇಟ್ಟೆ. ‘ಅಣ್ಣ, ಸರಿಯಾದವರು ಯಾರೂ ಹೋಗಲ್ಲ ಅಂದ್ರೆ ಒಳಗೆ ಬಾಯಿ ತೆರೆಯೋಳು ಯಾವಾಗ್ಲೂ ಒಬ್ಳೇ ಆಗಿರ್ತಾಳೆ. ನಾಲ್ಕು ಜನ ಇದ್ರೆ ಎಲ್ಲರನ್ನೂ ಒಟ್ಟಿಗೆ ಎತ್ತಂಗಡಿ ಮಾಡೋದು ಕಷ್ಟ’ ಅಂದಳು. ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ತಿರವೂ ಇಲ್ಲ.

ಗಂಡಿನ ವಿಷಯ ದೊಡ್ಡತ್ತೆ ಚಿಂತೆ ಬಿಡಲಿ. ಎಚ್‌ಆರ್ ಕೆಲಸದಲ್ಲಿದ್ದಾಗ ಬಂದ ಮೂರು ಸಂಬಂಧದಲ್ಲಿ ಎರಡು ಕಡೆಯವರು ಕೇಳಿದ್ದು ಅವಳ ಪ್ಯಾಕೇಜ್ ಎಷ್ಟು ಅಂತ, ಮೂರನೆಯವರು ಮದುವೆ ಆದ ಮೇಲೆ ಕೆಲಸ ಬಿಡ್ತಾಳಾ ಅಂತ. ಜೈಲು ಅಂದ ಕೂಡಲೇ ಅಂಥವರು ತಾವಾಗೇ ಹಿಂದೆ ಸರಿದರೆ ನಮಗೆ ಕಾಫಿ ಪುಡಿ ಉಳಿತಾಯ. ಅರ್ಜಿಯ ಶುಲ್ಕ ನಾನು ಕಟ್ಟೋದು ಅಂತ ಮಾತಾಗಿದೆ. ಚಿಕ್ಕಪ್ಪ ಇನ್ನೂ ಮಾತಾಡ್ತಿಲ್ಲ, ಆದರೆ ಬೆಳಿಗ್ಗೆ ಐದಕ್ಕೆ ಅವಳು ಓಡೋಕೆ ಹೊರಟಾಗ ಗೇಟಿನ ಲೈಟ್ ಹಾಕಿರ್ತಾರಂತೆ.