ಒಂದು ತಪ್ಪೊಪ್ಪಿಗೆ: ಬರವನ್ನರಿಯದ ಕಾಡು

ಭೂಗೋಳದ ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಒಂದು ವಾಕ್ಯ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: "ಸಮಭಾಜಕ ವೃತ್ತದ ಕಾಡುಗಳು ಬರವನ್ನರಿಯವು." ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವನ್ನೂ ಕೊಟ್ಟಿದ್ದೇನೆ. ಆ ವಾಕ್ಯ ತಪ್ಪು. ಅಮೆಜಾನ್ ಕಾಡು 2005, 2010, 2015-16 ಮತ್ತು 2023-24ರಲ್ಲಿ ತೀವ್ರ ಬರವನ್ನು ಕಂಡಿತು. ಮನೌಸ್ ನಗರದ ಬಳಿ ರಿಯೊ ನೀಗ್ರೊ ನದಿ 2023ರ ಅಕ್ಟೋಬರಿನಲ್ಲಿ ನೂರಿಪ್ಪತ್ತು ವರ್ಷಗಳ ದಾಖಲೆಯಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು. ಮರುವರ್ಷ ಅದಕ್ಕಿಂತಲೂ ಕೆಳಗೆ.

ಇದನ್ನು ಹೇಳಿದಾಗ ಹಳೆಯ ವಿದ್ಯಾರ್ಥಿಯೊಬ್ಬರು, "ಎಲ್ ನಿನೊ ಹಿಂದೆಯೂ ಇತ್ತಲ್ಲ ಸಾರ್, ಇದು ಪ್ರಕೃತಿಯ ಚಕ್ರ ತಾನೆ?" ಎಂದರು. ಇತ್ತು, ನಿಜ. ನಮ್ಮ ಹಿರಿಯರು ನೆನೆದು ನಡುಗುತ್ತಿದ್ದ ಧಾತು-ಈಶ್ವರ ಬರದ ಕಾಲದಲ್ಲೇ, 1877ರಲ್ಲಿ, ಈಶಾನ್ಯ ಬ್ರೆಜಿಲ್ ಕೂಡ ಒಣಗಿತ್ತು. ಈ ಚಕ್ರಕ್ಕೆ ತಂಪಾದ ಮುಖವೂ ಉಂಟು. 2010-11ರ ಲಾ ನಿನಾ ಮಳೆಗೆ ಆಸ್ಟ್ರೇಲಿಯದ ಒಣಭೂಮಿ ಎಷ್ಟು ಹಸಿರಾಯಿತೆಂದರೆ, 2011ರಲ್ಲಿ ಭೂಮಿಯ ಸಸ್ಯಸಂಪತ್ತು ಹೆಚ್ಚುವರಿಯಾಗಿ ಹೀರಿದ ಇಂಗಾಲದಲ್ಲಿ ಅರ್ಧಕ್ಕೂ ಮಿಕ್ಕ ಪಾಲು ಅಲ್ಲಿಯದೆಂದು ವಿಜ್ಞಾನಿಗಳು ಅಂದಾಜಿಸಿದರು. ಮಳೆ ಹಿಂದೆಗೆದೊಡನೆ ಆ ಹಸಿರೂ ಉಳಿಯಲಿಲ್ಲ.

ಆದುದರಿಂದ ಒಂದು ವರ್ಷದ ಹಸಿರನ್ನೋ ಒಣಗನ್ನೋ ನೋಡಿ ತೀರ್ಪು ಕೊಡುವುದು ಆತುರವೇ ಸರಿ. ನೋಡಬೇಕಾದದ್ದು, ಪೆಟ್ಟು ತಿಂದ ಕಾಡು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದನ್ನು. ಜ್ವರ ಬಂದ ಹುಡುಗ ಮೂರನೆಯ ದಿನ ತರಗತಿಗೆ ಮರಳಿದರೆ ನಾನು ಚಿಂತಿಸುತ್ತಿರಲಿಲ್ಲ. ಪ್ರತಿ ಜ್ವರಕ್ಕೂ ರಜೆ ಉದ್ದವಾಗುತ್ತಾ ಹೋದರೆ ಮನೆಗೆ ಹೇಳಿಕಳುಹಿಸುತ್ತಿದ್ದೆ. 2022ರಲ್ಲಿ ಪ್ರಕಟವಾದ ಉಪಗ್ರಹ ಆಧಾರಿತ ಅಧ್ಯಯನವೊಂದರ ಪ್ರಕಾರ, ಅಮೆಜಾನಿನ ಮುಕ್ಕಾಲು ಭಾಗಕ್ಕೂ ಹೆಚ್ಚಿನ ಕಾಡಿನಲ್ಲಿ ಈ ಚೇತರಿಕೆಯ ಶಕ್ತಿ ಈ ಶತಮಾನದ ಆರಂಭದಿಂದ ಕುಂದುತ್ತಿದೆ. ಮಳೆ ಕಡಿಮೆಯಿರುವಲ್ಲಿ ಮತ್ತು ಮನುಷ್ಯನ ವಸತಿ-ಬೇಸಾಯಗಳಿಗೆ ಹತ್ತಿರವಿರುವಲ್ಲಿ ಕುಸಿತ ಹೆಚ್ಚು.

ಎರಡು ದಶಕದ ದಾಖಲೆಯನ್ನು ನೆಚ್ಚಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 2005ರ ಬರಕ್ಕೆ ಮುಖ್ಯ ಕಾರಣ ಬಿಸಿಯೇರಿದ ಅಟ್ಲಾಂಟಿಕ್ ಸಾಗರ. ಅದರ ಏರಿಳಿತಕ್ಕೆ ಹಲವು ದಶಕಗಳೇ ಹಿಡಿಯುತ್ತವೆ. ಅಂಥ ಚಕ್ರಗಳ ಪಾಲನ್ನು ಕಳೆದೇ ಲೆಕ್ಕ ಹಾಕಬೇಕು. ಆದರೆ "ಚಕ್ರ ತಾನೆ" ಎಂದು ಲೆಕ್ಕವನ್ನೇ ಕೈಬಿಡುವುದನ್ನು ನಾನು ಒಪ್ಪಲಾರೆ. 1877ರ ಎಲ್ ನಿನೊ ಎದುರಿಸಿದ್ದು ಬಹುಮಟ್ಟಿಗೆ ಅಖಂಡವಾಗಿದ್ದ ಅಮೆಜಾನನ್ನು. ಇಂದಿನದು ಅಂಚುಗಳಲ್ಲಿ ಕಡಿದ, ಸುಟ್ಟ, ಮೊದಲಿಗಿಂತ ಬಿಸಿಯಾದ ಗಾಳಿಯಲ್ಲಿ ನಿಂತ ಕಾಡು.

ಹಳೆಯ ನೋಟ್‌ಬುಕ್ ಇನ್ನೂ ಉಳಿಸಿಕೊಂಡವರು ಆ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ. ಕೊಟ್ಟ ಅಂಕವನ್ನು ಹಿಂದಕ್ಕೆ ಪಡೆಯುವುದಿಲ್ಲ.