ದೆಹಲಿಯಲ್ಲಿ ಸಿಗುವ ಅರ್ಧ ದಿನ

ಆಫೀಸ್ ಕೆಲಸಕ್ಕೆಂದು ಎರಡು ದಿನದ ಮಟ್ಟಿಗೆ ದೆಹಲಿಗೆ ಹೊರಟವರಿಗೆ ಬೆಂಗಳೂರಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ‘ಹುಷಾರು, ಕೆಲಸ ಮುಗಿಸಿ ಸುಮ್ಮನೆ ವಾಪಸ್ ಬಂದುಬಿಡಿ.’ ಯಾವುದರಿಂದ ಹುಷಾರು ಎಂದು ವಿಚಾರಿಸಿದರೆ ಜೇಬುಗಳ್ಳರು, ಟೋಪಿ ಹಾಕುವ ಆಟೋದವರು, ಕತ್ತಲು. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಈ ಭಯಕ್ಕೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಆದರೆ ಗುರುತಿಲ್ಲದ ಊರಿನಲ್ಲಿ ನಾಲ್ಕು ಗಂಟೆ ಬಿಡುವು ಸಿಕ್ಕವರನ್ನು ಆ ಊರಿನ ಕೆಟ್ಟತನಕ್ಕಿಂತ ಅವರದೇ ಆತುರ ಹೆಚ್ಚು ಕೆಡಿಸುತ್ತದೆ ಎಂಬುದು ನನ್ನ ವಾದ. ಆ ಆತುರ ಹುಟ್ಟುವುದು ಪ್ರಯಾಣಕ್ಕೂ ಮೊದಲು, ಟಿಕೆಟ್ ಬುಕ್ ಮಾಡುವವರ ಮೇಜಿನ ಮೇಲೆ.

ಎಲ್ಲರಿಗೂ ಗೊತ್ತಿರುವ ಮೋಸವನ್ನೇ ನೋಡಿ. ಆಟೋ ಹತ್ತಿ ಕೆಂಪುಕೋಟೆ ಎನ್ನುತ್ತೀರಿ. ಸ್ವಲ್ಪ ದೂರ ಹೋದ ಮೇಲೆ ಚಾಲಕ ಬಹಳ ಮರ್ಯಾದೆಯಿಂದ ‘ಸಾಬ್, ಆಜ್ ಲಾಲ್ ಕಿಲಾ ಬಂದ್ ಹೈ’ ಎನ್ನುತ್ತಾನೆ. ಇಲ್ಲೇ ಹತ್ತಿರ ಒಂದು ಸರ್ಕಾರಿ ಎಂಪೋರಿಯಂ ಇದೆಯಂತೆ, ನೋಡುವುದಕ್ಕೇನೂ ದುಡ್ಡು ಕೊಡಬೇಕಿಲ್ಲವಂತೆ, ಹತ್ತೇ ನಿಮಿಷವಂತೆ. ಒಳಗೆ ಕೂತರೆ ಚಹಾ ಬರುತ್ತದೆ, ಒಂದರ ಮೇಲೊಂದು ಶಾಲು ಬಿಚ್ಚಿಕೊಳ್ಳುತ್ತವೆ, ಚಾಲಕನಿಗೆ ಅವನ ಕಮಿಷನ್ ಸಂದಾಯವಾಗುತ್ತದೆ. ಆ ಅಂಗಡಿ ಸರ್ಕಾರದ್ದಾಗಿರುವುದೂ ಇಲ್ಲ. ಈ ಸುಳ್ಳು ಇಷ್ಟು ವರ್ಷ ಬಾಳಿಕೆ ಬಂದದ್ದಕ್ಕೆ ಒಂದು ಕಾರಣ, ವಾರಕ್ಕೊಂದು ದಿನ ಅದು ನಿಜವೂ ಆಗಿರುವುದು. ಕೆಂಪುಕೋಟೆಗೆ ಸೋಮವಾರ ರಜೆ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಅಕ್ಷರಧಾಮಕ್ಕೂ ಸೋಮವಾರವೇ. ಹುಮಾಯೂನ್ ಸಮಾಧಿ ಮತ್ತು ಕುತುಬ್ ಮಿನಾರ್ ವಾರವಿಡೀ ತೆರೆದಿರುತ್ತವೆ. ಇಷ್ಟು ತಿಳಿದವರ ಹತ್ತಿರ ಚಾಲಕನ ಬೇಳೆ ಬೇಯುವುದಿಲ್ಲ. ತಿಳಿಯದಿದ್ದರೂ, ಕೈಯಲ್ಲಿ ಸಮಯವಿದ್ದವರು ‘ಇರಲಿ, ಬಾಗಿಲವರೆಗೆ ಹೋಗೇ ನೋಡೋಣ’ ಎಂದಾರು. ಸಂಜೆ ಏಳರ ವಿಮಾನ ತಲೆಯಲ್ಲಿ ಕೂತವರಿಗೆ ಆ ವ್ಯವಧಾನವಿರುವುದಿಲ್ಲ.

ದುಡ್ಡು ಹೋದರೆ ಹೋಯಿತೆನ್ನಬಹುದು. ಜೀವಕ್ಕೇ ಕುತ್ತು ತಂದ ಸಂಗತಿಗಳಲ್ಲೂ ಎಷ್ಟೋ ಕಡೆ ಕಳ್ಳನ ಸುಳಿವಿಲ್ಲ. 72.5 ಮೀಟರ್ ಎತ್ತರದ ಕುತುಬ್ ಮಿನಾರಿನ ಮೆಟ್ಟಿಲು ಹತ್ತಲು ಇವತ್ತು ಯಾರನ್ನೂ ಬಿಡುವುದಿಲ್ಲ. 1981ರ ಡಿಸೆಂಬರಿನಲ್ಲಿ ಒಳಗಿನ ದೀಪ ಆರಿ, ಇಕ್ಕಟ್ಟಾದ ಸುರುಳಿ ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ 45 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಪ್ರವಾಸಕ್ಕೆ ಬಂದ ಶಾಲಾ ಮಕ್ಕಳು. 2025ರ ಫೆಬ್ರುವರಿಯಲ್ಲಿ ನವದೆಹಲಿ ರೈಲು ನಿಲ್ದಾಣದಲ್ಲಿ, ಕುಂಭಮೇಳಕ್ಕೆ ಹೊರಟವರ ದಟ್ಟಣೆಯಲ್ಲಿ, 18 ಜನ. ಅದೇ ವರ್ಷ ಜೂನ್ 4ರಂದು ನಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ. ದೆಹಲಿಗೆ ಹೋಗುವವರಿಗೆ ಎಚ್ಚರ ಹೇಳುವ ಬೆಂಗಳೂರಿಗರು ಈ ಕೊನೆಯದನ್ನು ನೆನಪಿಡುವುದು ಒಳ್ಳೆಯದು. ಗುಂಪಿನೊಳಗೆ ನುಗ್ಗುವ ಮೊದಲು ಹೊರಬರುವ ದಾರಿ ಎಲ್ಲಿದೆ ಎಂದು ನೋಡಿಕೊಳ್ಳುವುದಕ್ಕೂ ವ್ಯವಧಾನವೇ ಬೇಕು. ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ಸೂಟು ಬೂಟಿನಲ್ಲೇ ಕೋಟೆ ಸುತ್ತುವುದು, ನವೆಂಬರಿನ ಹೊಗೆಮಂಜಿನಲ್ಲಿ ಚಾಂದನಿ ಚೌಕದ ಗಲ್ಲಿಗಳಲ್ಲಿ ಏದುಸಿರು ಬಿಡುವುದು ಕೂಡ ಸಮಯ ಸಾಲದವರ ಪಾಡೇ.

ಹಾಗಾದರೆ ರೂಮಿನಲ್ಲೇ ಇದ್ದುಬಿಡುವುದು ಮೇಲಲ್ಲವೇ? ಅಲ್ಲ. ಊರಿನ ಪರಿಚಯ ಒಂದಿಷ್ಟೂ ಇಲ್ಲದವರೇ ಮುಂದಿನ ಸಲವೂ ಸುಲಭವಾಗಿ ಏಮಾರುತ್ತಾರೆ. ನೋಡುವ ಜಾಗಗಳ ಪಟ್ಟಿಯನ್ನು ಒಂದಕ್ಕೆ ಇಳಿಸಿದರೆ ಮುಕ್ಕಾಲು ತೊಂದರೆ ತಾನಾಗಿ ಬಿದ್ದುಹೋಗುತ್ತದೆ. ವಿಮಾನ ನಿಲ್ದಾಣದ ಪಕ್ಕದ ಏರೋಸಿಟಿ ಹೋಟೆಲುಗಳಲ್ಲಿ ಇಳಿಸಿದರೆ ‘ಊರಾಚೆ ಎಸೆದರು’ ಎಂದು ಗೊಣಗುವವರಿದ್ದಾರೆ. ನನಗೆ ಆ ದೂರು ಅಷ್ಟಾಗಿ ಒಪ್ಪಿಗೆಯಿಲ್ಲ. ಅಲ್ಲಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ನೇರ ನವದೆಹಲಿ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿ ಹಳದಿ ಮಾರ್ಗ ಹಿಡಿದು ಜೋರ್ ಬಾಗ್‌ನಲ್ಲಿ ಇಳಿದರೆ ಹತ್ತಿರದಲ್ಲೇ 1754ರ ಸಫ್ದರ್‌ಜಂಗ್ ಸಮಾಧಿ. ಇನ್ನೊಂದಿಷ್ಟು ನಡೆದರೆ ಲೋಧಿ ಉದ್ಯಾನ. ಅಲ್ಲಿ ಹದಿನೈದನೆಯ ಶತಮಾನದ ಗುಮ್ಮಟಗಳ ನಡುವೆ ಬೆಳಿಗ್ಗೆ ಸಂಜೆ ಊರಿನವರೇ ವಾಕಿಂಗ್ ಮಾಡುತ್ತಿರುತ್ತಾರೆ, ಹುಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತಿರುತ್ತಾರೆ. ಪ್ರವಾಸಿಗರು ಕಡಿಮೆ, ಊರಿನವರು ಹೆಚ್ಚು ಇರುವ ಜಾಗದಲ್ಲಿ ದಲ್ಲಾಳಿಗಳಿಗೆ ಕೆಲಸವಿಲ್ಲ. ಮೆಟ್ರೊದಲ್ಲಿ ಬ್ಯಾಗು ತಪಾಸಣೆಯಾಗುತ್ತದೆ, ದರ ನಿಗದಿಯಾಗಿರುತ್ತದೆ, ಚೌಕಾಸಿ ಇಲ್ಲ. ಅಂದಹಾಗೆ, ಕಂಪನಿಯ ಲ್ಯಾಪ್‌ಟಾಪ್ ಬೆನ್ನಿಗೆ ಹೊತ್ತುಕೊಂಡು ಹೊರಡುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ರೂಮು ಖಾಲಿ ಮಾಡಿದ ಮೇಲೂ ಸಾಮಾನ್ಯವಾಗಿ ಹೋಟೆಲಿನವರು ಲಗೇಜು ಇಟ್ಟುಕೊಳ್ಳುತ್ತಾರೆ, ಕೇಳಬೇಕಷ್ಟೆ.

ಆದರೆ ಆತುರದ ಮಾತು ಹೆಣ್ಣುಮಕ್ಕಳ ವಿಷಯದಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ. 2012ರ ಡಿಸೆಂಬರ್ 16ರ ರಾತ್ರಿ, ನಿರ್ಭಯಾ ಪ್ರಕರಣದ ಆ ಯುವತಿ ಸಾಕೇತ್‌ನಲ್ಲಿ ಸಿನಿಮಾ ನೋಡಿ ಗೆಳೆಯನೊಂದಿಗೆ ಮನೆಗೆ ಹೊರಟಿದ್ದಳು. ದ್ವಾರಕಾ ಕಡೆಗೆ ಬರುವ ಆಟೋ ಸಿಗದೆ, ಮುನಿರ್ಕಾ ಬಸ್ ಸ್ಟಾಪಿನಲ್ಲಿ ಬಂದು ನಿಂತ ಖಾಸಗಿ ಬಸ್ಸನ್ನು ಇಬ್ಬರೂ ಹತ್ತಿದರು. ಅವಳು ಆ ಊರಿಗೆ ಹೊಸಬಳಲ್ಲ, ಒಂಟಿಯಾಗಿರಲಿಲ್ಲ, ಅಪರಾತ್ರಿಯೂ ಆಗಿರಲಿಲ್ಲ. ನಡೆದ ಅಪರಾಧಕ್ಕೆ ಅಪರಾಧಿಗಳೇ ಹೊಣೆ. ಆ ಇಬ್ಬರನ್ನು ಬಸ್ಸಿನ ಬಾಗಿಲಿಗೆ ತಂದು ನಿಲ್ಲಿಸಿದ್ದು ಮಾತ್ರ ನಂಬಬಹುದಾದ ಸಾರಿಗೆ ಇಲ್ಲದಿದ್ದದ್ದು. ಈಗ ಮುನಿರ್ಕಾದಲ್ಲೇ ಮೆಟ್ರೊ ನಿಲ್ದಾಣವಿದೆ, ರೈಲಿನ ಮೊದಲ ಬೋಗಿ ಮಹಿಳೆಯರದ್ದು. ಆದರೂ ನಿಲ್ದಾಣದಿಂದ ಬಾಗಿಲವರೆಗಿನ ಕೊನೆಯ ಒಂದು ಕಿಲೋಮೀಟರ್ ಹಾಗೇ ಉಳಿದಿದೆ. ‘ಕತ್ತಲಾಗುವ ಮೊದಲು ರೂಮು ಸೇರಿಕೊ’ ಎಂದು ಕೆಲಸಕ್ಕೆ ಹೊರಟ ಹೆಣ್ಣುಮಗಳಿಗೆ ಬುದ್ಧಿ ಹೇಳುವ ಬದಲು, ನಿಲ್ದಾಣಕ್ಕೆ ಹತ್ತಿರದ, ಹಾದಿಯಲ್ಲಿ ಬೆಳಕಿರುವ ಹೋಟೆಲು ಹುಡುಕಿ ಕೊಡುವುದು ಕಳಿಸುವವರ ಕೆಲಸ. ರಾತ್ರಿಗೆ ಐದುನೂರು ರೂಪಾಯಿ ಕಡಿಮೆ ಎಂದು ಎಲ್ಲೋ ಒಳಗಲ್ಲಿಯಲ್ಲಿ ರೂಮು ಕೊಡಿಸಿ, 112ಕ್ಕೆ ಫೋನ್ ಮಾಡಬಹುದು ಎಂದು ಇಮೇಲಿನಲ್ಲಿ ಒಂದು ಸಾಲು ಸೇರಿಸಿದರೆ ಜವಾಬ್ದಾರಿ ಮುಗಿಯಿತೆಂದು ಅಂದುಕೊಳ್ಳುವ ಟ್ರಾವೆಲ್ ಡೆಸ್ಕುಗಳಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ.

ವಾಪಸ್ ಬರುವ ವಿಮಾನದ್ದೂ ಇದೇ ಕತೆ. ರಾತ್ರಿ ಹತ್ತೂವರೆಯ ಟಿಕೆಟ್ ಅಗ್ಗ. ಇನ್ನೊಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯುತ್ತದೆ. ಆದರೆ ಆ ಟಿಕೆಟ್ಟಿನವಳು ದೇವನಹಳ್ಳಿಯಲ್ಲಿ ಇಳಿಯುವುದು ರಾತ್ರಿ ಒಂದರ ಮೇಲೆ. ಅಲ್ಲಿಂದ ಜಯನಗರಕ್ಕೋ ಕೆಂಗೇರಿಗೋ ಊರಿನ ಈ ತುದಿಯಿಂದ ಆ ತುದಿಗೆ ಒಬ್ಬಳೇ ಕ್ಯಾಬಿನಲ್ಲಿ ಹೋಗಬೇಕು. ರಾತ್ರಿ ಪಾಳಿಯಲ್ಲಿ ದುಡಿಯುವ ಮಹಿಳೆಯರಿಗೆ ಮನೆವರೆಗೆ ವಾಹನ ಕೊಡಬೇಕೆಂಬ ನಿಯಮ ಕರ್ನಾಟಕದಲ್ಲಿದೆ. ಟೂರು ಮುಗಿಸಿ ಅದೇ ಹೊತ್ತಿಗೆ ಬಂದಿಳಿದವಳನ್ನು ಎಷ್ಟು ಕಂಪನಿಗಳು ಹಾಗೆ ನೋಡುತ್ತವೆ?